ಎತ್ತರಿಸಿದ ಜೀಪು: ಗಾಲಿಗೆಷ್ಟು, ಸ್ಪ್ರಿಂಗಿಗೆಷ್ಟು?

ಮುಂಬಯಿ, ಪುಣೆಗಳ ವಸತಿ ಸಂಕೀರ್ಣಗಳಲ್ಲಿ ವಾಹನಗಳು ನಿಲ್ಲುವ ಸಾಲಿನಲ್ಲಿ ಈಚಿನ ವರ್ಷಗಳಲ್ಲಿ ಥಾರ್, ಜಿಮ್ನಿ, ಗೂರ್ಖಾ ಮುಂತಾದ ಜೀಪಿನ ಜಾತಿಯ ವಾಹನಗಳು ಹೆಚ್ಚು ಹೆಚ್ಚಾಗಿ ಕಾಣಸಿಗುತ್ತಿವೆ. ಅವುಗಳ ಒಡೆಯರಲ್ಲಿ ಮಲೆನಾಡು, ಕೊಡಗು, ಉತ್ತರ ಕನ್ನಡಗಳಿಂದ ಬಂದು ನೆಲೆಸಿದವರೂ ಇದ್ದಾರೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋದಾಗ ಡಾಂಬರು ರಸ್ತೆ ಮುಗಿಯುವಲ್ಲಿ ಇಳಿದು ಗಂಟುಮೂಟೆ ಹೊರುವ ಬದಲು ಮನೆಯಂಗಳದವರೆಗೂ ಗಾಡಿಯನ್ನು ಒಯ್ಯಬಹುದೆಂಬ ಆಸೆ ಸಹಜವೇ ಆಗಿದೆ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು ಇದೇ ಮುಂಬಯಿಯಲ್ಲಿ. ಆ ಜೀಪುಗಳ ವಂಶದವು ಘಟ್ಟ ಹತ್ತಿ ಕಾಫಿ ತೋಟಗಳ ದಾರಿಯನ್ನು ದಶಕಗಳ ಕಾಲ ಸವೆಸಿದವು. ಅವುಗಳನ್ನು ಎತ್ತರಿಸುವ ಗೋಜಿಗೆ ಹೋದ ತೋಟದ ಡ್ರೈವರುಗಳು ವಿರಳ ಎಂಬುದೂ ಗಮನಾರ್ಹ.

ಇಂದಿನ ಒಡೆಯನಿಗೆ ಮಾತ್ರ ಈ ಯೋಚನೆ ಬಹುಬೇಗ ಬರುತ್ತದೆ. ಊರಿನ ದಾರಿಯಲ್ಲಿ ಒಮ್ಮೆ ಗಾಡಿಯ ತಳ ನೆಲಕ್ಕೆ ತಾಗಿದರೆ ಸಾಕು, ನಗರಕ್ಕೆ ಮರಳಿದೊಡನೆ ಗರಾಜಿಗೆ ಹೋಗುತ್ತಾನೆ. ಅಲ್ಲಿ ಎರಡು ಅಂಗುಲದ ಲಿಫ್ಟ್, ನಾಲ್ಕು ಅಂಗುಲದ ಲಿಫ್ಟ್, ದೊಡ್ಡ ಟಯರು ಎಂಬ ಪಟ್ಟಿ ಸಿದ್ಧವಾಗಿರುತ್ತದೆ. ವೈದ್ಯನು ರೋಗಿಯನ್ನು ಪರೀಕ್ಷಿಸುವ ಮೊದಲೇ ಔಷಧಿಯ ಚೀಟಿ ಬರೆದಂತೆ ಇದು. ತಳ ತಾಗಿತು ನಿಜ. ಆದರೆ ತಾಗಿದ್ದು ತಳದ ಯಾವ ಭಾಗ?

ಎಲ್ಲವೂ ಈ ಪ್ರಶ್ನೆಯನ್ನೇ ಅವಲಂಬಿಸಿದೆ. ತೋಟದ ದಾರಿಯನ್ನು ನೆನಪಿಗೆ ತಂದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಟ್ರ್ಯಾಕ್ಟರಿನ ಗಾಲಿಗಳು ಕೊರೆದ ಎರಡು ಆಳವಾದ ಚರಂಡಿಗಳು. ಅವುಗಳ ನಡುವೆ ಹುಲ್ಲು ಬೆಳೆದ ಉದ್ದನೆಯ ದಿಬ್ಬ. ಜಿಮ್ನಿಯಂತಹ ಗಾಡಿಯಲ್ಲಿ ಎಡಬಲದ ಗಾಲಿಗಳನ್ನು ಕೂಡಿಸುವ ಗಟ್ಟಿ ಆಕ್ಸಲ್ ಮುಂದೆಯೂ ಇದೆ, ಹಿಂದೆಯೂ ಇದೆ. ಆಕ್ಸಲ್‌ನಲ್ಲಿ ಗುಂಡಗೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಎಂಬ ಭಾಗವೇ ಗಾಡಿಯ ಅತಿ ತಗ್ಗಿನ ಅಂಗ. ನಡುದಿಬ್ಬಕ್ಕೆ ಮೊದಲು ತಾಗುವುದು ಅದೇ. ಸ್ಪ್ರಿಂಗುಗಳು ಕುಳಿತಿರುವುದು ಆಕ್ಸಲ್‌ನ ಮೇಲೆ. ಆದುದರಿಂದ ಉದ್ದನೆಯ ಸ್ಪ್ರಿಂಗು ಹಾಕಿದಾಗ ಅದರ ಮೇಲಿರುವ ದೇಹ ಏರುತ್ತದೆಯೇ ಹೊರತು ಕೆಳಗಿನ ಆಕ್ಸಲ್ ಇದ್ದಲ್ಲಿಯೇ ಇರುತ್ತದೆ. ನಾಲ್ಕು ಅಂಗುಲದ ಲಿಫ್ಟ್ ಹಾಕಿಸಿದ ಮೇಲೂ ಆ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇರಿರುವುದಿಲ್ಲ. ಗಟ್ಟಿ ಆಕ್ಸಲನ್ನು ಎತ್ತಬಲ್ಲದ್ದು ಟಯರೊಂದೇ.

ಟಯರು ಎಷ್ಟು ಎತ್ತುತ್ತದೆ ಎಂಬುದನ್ನು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಗೆ ಕಂಪನಿ ಕೊಡುವ ಟಯರಿನ ಅಳತೆ 195/80 ಆರ್ 15. ಇದರಲ್ಲಿ 195 ಎಂದರೆ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಆ ಅಗಲದ ನೂರಕ್ಕೆ 80 ಪಾಲು ಟಯರಿನ ಪಕ್ಕೆಯ ಎತ್ತರ. 15 ಎಂದರೆ ಒಳಗಿನ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಪಕ್ಕೆ 156 ಮಿಲಿಮೀಟರು, ಎರಡು ಪಕ್ಕೆ ಸೇರಿ 312; ರಿಮ್ಮು 381; ಒಟ್ಟು ವ್ಯಾಸ 693. ಇದರ ಬದಲು 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಆಗುತ್ತದೆ. ಹೆಚ್ಚಾದದ್ದು 40, ಆಕ್ಸಲ್ ಏರುವುದು ಅದರ ಅರ್ಧ, ಅಂದರೆ 20 ಮಿಲಿಮೀಟರು. ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಇಷ್ಟೇ ಏನು ಎಂದು ನಿರಾಶೆಯಾಗಬಹುದು. ಆದರೆ ನಡುದಿಬ್ಬದ ದಾರಿಯಲ್ಲಿ ಆ 20 ಮಿಲಿಮೀಟರು ಮಾಡುವ ಉಪಕಾರವನ್ನು 100 ಮಿಲಿಮೀಟರಿನ ಲಿಫ್ಟ್ ಮಾಡಲಾರದು.

ಹಾಗಾದರೆ ಲಿಫ್ಟ್ ನಿರರ್ಥಕವೇ? ಅಲ್ಲ. ಮುಂದಿನ ಬಂಪರು ಹಳ್ಳದ ದಂಡೆಗೆ ತಾಗುತ್ತಿದ್ದರೆ, ಅಥವಾ ದಿಣ್ಣೆಯ ನೆತ್ತಿಯನ್ನು ದಾಟುವಾಗ ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಹೊಟ್ಟೆ ಕೆಳಗೆ ಕೂರುತ್ತಿದ್ದರೆ ಲಿಫ್ಟ್ ನಿಜಕ್ಕೂ ನೆರವಾಗುತ್ತದೆ. ಗಾಡಿ ಉದ್ದವಾದಷ್ಟೂ ಹೊಟ್ಟೆ ತಾಗುವ ಭಯ ಹೆಚ್ಚು. ಲಿಫ್ಟಿನ ಎರಡನೆಯ ಉಪಯೋಗ, ದೊಡ್ಡ ಟಯರು ಗಾಲಿಗೂಡಿಗೆ ಉಜ್ಜದಂತೆ ಜಾಗ ಮಾಡಿಕೊಡುವುದು. ಆದ್ದರಿಂದ ಕ್ರಮ ಹೀಗಿರಬೇಕು: ದಾರಿಗೆ ಬೇಕಾದ ಟಯರನ್ನು ಮೊದಲು ನಿಶ್ಚಯಿಸಿ, ಅದು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗಲೂ ಒಂದು ಗಾಲಿ ಮೇಲೆದ್ದು ಗೂಡಿನೊಳಗೆ ಹೊಕ್ಕಾಗಲೂ ಎಲ್ಲಿ ಉಜ್ಜುತ್ತದೆ ಎಂದು ನೋಡಿ, ಉಜ್ಜಿದರೆ ಮಾತ್ರ ಲಿಫ್ಟಿನ ವಿಚಾರ ಮಾಡಬೇಕು. ಗರಾಜುಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವುಮುರುವು. ಲಿಫ್ಟ್ ದೂರದಿಂದಲೇ ಕಾಣುತ್ತದೆ. ಡಿಫರೆನ್ಷಿಯಲನ್ನು ಬಗ್ಗಿ ನೋಡುವವರು ಯಾರು?

2020ರಲ್ಲಿ ಬಂದ ಥಾರ್‌ನ ರಚನೆ ಸ್ವಲ್ಪ ಬೇರೆ. ಹಿಂದೆ ಗಟ್ಟಿ ಆಕ್ಸಲ್. ಮುಂದೆ ಎರಡು ಗಾಲಿಗಳೂ ಬಿಡಿಬಿಡಿಯಾಗಿ ಏರಿಳಿಯುತ್ತವೆ, ಮುಂದಿನ ಡಿಫರೆನ್ಷಿಯಲ್ ದೇಹದ ಚೌಕಟ್ಟಿಗೆ ಅಂಟಿಕೊಂಡಿದೆ. ಇಲ್ಲಿ ಲಿಫ್ಟ್ ಮುಂದಿನ ಗುಂಡನ್ನೂ ಎತ್ತುತ್ತದೆ. ಆದರೆ ಅಲ್ಲಿಂದ ಗಾಲಿಗೆ ಹೋಗುವ ದಂಡಗಳು ಆಗ ಹೆಚ್ಚು ಓರೆಯಾಗುತ್ತವೆ. ಅವುಗಳ ಕೀಲುಗಳು ಸವೆದು, ರಬ್ಬರಿನ ಗವಸು ಹರಿದು, ಒಳಗಿನ ಗ್ರೀಸಿಗೆ ಕೆಸರು ಸೇರುತ್ತದೆ. ಹಿಂದಿನ ಗುಂಡು ಮಾತ್ರ ಯಥಾಸ್ಥಾನದಲ್ಲಿಯೇ ಇರುತ್ತದೆ.

ಲಿಫ್ಟಿನಲ್ಲಿ ಅಗ್ಗದ್ದು ಸ್ಪ್ರಿಂಗಿನ ಮೇಲೋ ಕೆಳಗೋ ಒಂದು ಬಿಲ್ಲೆಯನ್ನಿಟ್ಟು ಎತ್ತರಿಸುವುದು. ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳು ಹಳೆಯವೇ ಉಳಿಯುವುದರಿಂದ ಗಾಲಿ ಕೆಳಗಿಳಿಯಬಲ್ಲ ದೂರ ಕಡಿಮೆಯಾಗಿ, ಹಳ್ಳದಲ್ಲಿ ನೆಲವನ್ನು ಬೇಗನೆ ಬಿಟ್ಟೇಳುತ್ತದೆ. ದುಬಾರಿಯಾದರೂ ಯುಕ್ತವಾದದ್ದು, ಸ್ಪ್ರಿಂಗುಗಳನ್ನೂ ಅವುಗಳ ಉದ್ದಕ್ಕೆ ಹೊಂದುವ ಷಾಕ್ ಅಬ್ಸಾರ್ಬರುಗಳನ್ನೂ ಒಟ್ಟಾಗಿ ಬದಲಾಯಿಸುವುದು. ಅದೂ ಅಷ್ಟಕ್ಕೇ ನಿಲ್ಲುವುದಿಲ್ಲ. ಗಟ್ಟಿ ಆಕ್ಸಲ್‌ನ ಗಾಡಿಯನ್ನು ಎತ್ತಿದಾಗ ಆಕ್ಸಲನ್ನು ಹಿಡಿದಿರುವ ತೋಳುಗಳು ಓರೆಯಾಗಿ, ಮುಂದಿನ ಗಾಲಿಗಳು ಹಿಂದಕ್ಕೆ ವಾಲಿರಬೇಕಾದ ಕೋನ ಕುಗ್ಗುತ್ತದೆ. ತಿರುವಿನ ನಂತರ ಸ್ಟಿಯರಿಂಗು ತಾನಾಗಿ ನೆಟ್ಟಗಾಗುವುದು ಆ ಕೋನದಿಂದಲೇ. ಅದು ಕುಗ್ಗಿದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಚಾಲಕನು ಉದ್ದಕ್ಕೂ ತಿದ್ದುತ್ತಲೇ ಇರಬೇಕಾಗುತ್ತದೆ. ಬ್ರೇಕಿನ ರಬ್ಬರು ಕೊಳವೆಗಳು ಜಗ್ಗುತ್ತವೆ. ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇವೆಲ್ಲವನ್ನೂ ಸರಿಪಡಿಸುವ ಬಿಡಿಭಾಗಗಳಿವೆ. ಅವುಗಳನ್ನು ಕೇಳದೆ ಎತ್ತರವೊಂದನ್ನೇ ಕೊಳ್ಳುವವನು ಅರ್ಧ ಚಿಕಿತ್ಸೆಯನ್ನು ಪಡೆದಂತೆ.

ಇನ್ನು ಮಗುಚುವ ಪ್ರಶ್ನೆ. ಒಂದು ವಾಹನದ ಎಡಬಲ ಗಾಲಿಗಳ ನಡುವಣ ಅಂತರ 1400 ಮಿಲಿಮೀಟರು, ಅದರ ಗುರುತ್ವ ಕೇಂದ್ರ ನೆಲದಿಂದ 700 ಮಿಲಿಮೀಟರು ಎತ್ತರದಲ್ಲಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಂತಹ ಗಾಡಿ ನಿಂತಲ್ಲಿಯೇ ಪಕ್ಕಕ್ಕೆ 45 ಡಿಗ್ರಿ ವಾಲಿದಾಗ ಮಗುಚುವ ಅಂಚನ್ನು ಮುಟ್ಟುತ್ತದೆ. ಲಿಫ್ಟೂ ಟಯರೂ ಸೇರಿ ಕೇಂದ್ರವನ್ನು 120 ಮಿಲಿಮೀಟರು ಏರಿಸಿದರೆ ಆ ಅಂಚು ಸುಮಾರು 40 ಡಿಗ್ರಿಗೇ ಬರುತ್ತದೆ. ಐದು ಡಿಗ್ರಿ ಅಲ್ಪವೆನಿಸಬಹುದು. ಆದರೆ ಚಲಿಸುವ ಗಾಡಿಯಲ್ಲಿ ಸ್ಪ್ರಿಂಗು ಬಾಗುತ್ತದೆ, ಟಯರು ಹಿಂಡುತ್ತದೆ. ಲೆಕ್ಕದ ಅಂಚಿಗಿಂತ ಬಹಳ ಮೊದಲೇ ಅಪಾಯ ಒದಗುತ್ತದೆ. ಊರಿನಿಂದ ಮರಳುವಾಗ ಚಾವಣಿಯ ಕ್ಯಾರಿಯರಿನ ಮೇಲೆ ಅಕ್ಕಿಯ ಮೂಟೆ, ತೆಂಗಿನಕಾಯಿ, ಎರಡು ಹಲಸಿನಹಣ್ಣು ಏರದಿರುವ ಗಾಡಿ ಯಾವುದು? ಆ ಹೊರೆಯೊಂದಿಗೆ ಚಾರ್ಮಾಡಿಯ ತಿರುವುಗಳನ್ನು ಮಳೆಯಲ್ಲಿ ಇಳಿಯುವಾಗ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿರುವಾಗ, ಈ ಐದು ಡಿಗ್ರಿಯ ಬೆಲೆ ತಿಳಿಯುತ್ತದೆ. ವರ್ಷದಲ್ಲಿ ಕೆಸರಿನ ದಾರಿ ನಾಲ್ಕಾರು ಕಿಲೋಮೀಟರು. ಅದಕ್ಕಾಗಿ ಸಾವಿರಾರು ಕಿಲೋಮೀಟರು ಡಾಂಬರಿನ ಮೇಲಿನ ಭದ್ರತೆಯನ್ನು ಬಿಟ್ಟುಕೊಡುವುದು ವಿವೇಕವೇ ಎಂಬುದನ್ನು ಗೃಹಸ್ಥನು ಯೋಚಿಸಬೇಕು.

ದೊಡ್ಡ ಟಯರಿಗೂ ತೆರಬೇಕಾದ ಬೆಲೆಯುಂಟು. ಮೇಲಿನ ಉದಾಹರಣೆಯಲ್ಲಿ ವ್ಯಾಸ ಶೇಕಡ 6ರಷ್ಟು ಹೆಚ್ಚಿತು. ಎಂಜಿನಿಗೆ ಇದು ಪ್ರತಿಯೊಂದು ಗೇರನ್ನೂ ಅಷ್ಟೇ ಭಾರವಾಗಿಸಿದಂತೆ. ಜಿಮ್ನಿಯ 1.5 ಲೀಟರಿನ ಪೆಟ್ರೋಲ್ ಎಂಜಿನಿನಂತಹ ಸಾಧಾರಣ ಬಲದ ಎಂಜಿನಿಗೆ ಘಟ್ಟದ ಏರಿನಲ್ಲಿ ಇದು ಚೆನ್ನಾಗಿಯೇ ತಟ್ಟುತ್ತದೆ. ಬ್ರೇಕೂ ಅಷ್ಟೇ ಹೆಚ್ಚು ಶ್ರಮಪಡಬೇಕು. ವೇಗಮಾಪಕವು ಗಾಲಿಯ ಸುತ್ತುಗಳನ್ನಷ್ಟೇ ಎಣಿಸುವುದರಿಂದ ಹಳೆಯ ಟಯರಿನಲ್ಲಿ ಗಂಟೆಗೆ 80 ಕಿಲೋಮೀಟರು ಇದ್ದ ಕಡೆ ಮುಳ್ಳು ಅದೇ ಜಾಗದಲ್ಲಿದ್ದರೂ ಗಾಡಿ 84ನ್ನು ಮೀರಿ ಓಡುತ್ತಿರುತ್ತದೆ.

ಟಯರಿನ ಅಳತೆಗಿಂತ ಅದರ ಮೈಯೇ ಮುಖ್ಯವೆನ್ನಬೇಕು. ಆಳವಾದ ದಪ್ಪ ಗಟ್ಟೆಗಳುಳ್ಳ ಕೆಸರಿನ ಟಯರು ಗದ್ದೆಯ ಕೆಸರಿನಲ್ಲಿ ರಾಜ. ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ದುರ್ಬಲ, ಸದ್ದೂ ವಿಪರೀತ. ಎಲ್ಲ ನೆಲಗಳಿಗೂ ಹೊಂದುವ, ಮಧ್ಯಮ ಗಟ್ಟೆಗಳ ಆಲ್ ಟೆರೇನ್ ಟಯರೇ ನಗರವಾಸಿಗೆ ಉಚಿತ. ಕೊಳ್ಳುವಾಗ ಪಕ್ಕೆಯನ್ನು ಓದಬೇಕು. ಅಳತೆಯ ಮುಂದಿನ ಅಂಕಿ ಹೊರುವ ಶಕ್ತಿಯನ್ನು ಹೇಳುತ್ತದೆ. 96 ಎಂದಿದ್ದರೆ ಒಂದು ಟಯರಿಗೆ 710 ಕಿಲೋಗ್ರಾಂ. ಅದು ಕಂಪನಿಯ ಟಯರಿಗಿಂತ ಕಡಿಮೆಯಿರಕೂಡದು. ಬೇರೆಡೆ ಅಚ್ಚಾಗಿರುವ ನಾಲ್ಕು ಅಂಕಿಗಳು ಟಯರಿನ ಜಾತಕ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಬಿಡಿ ಗಾಲಿಯೂ ಅದೇ ಅಳತೆಯದಾಗಿರಬೇಕೆಂಬುದನ್ನು ಮರೆಯುವವರು ಬಹಳ.

ಮನೆಯ ಹಿರಿಯರ ವಿಚಾರವನ್ನು ಗರಾಜಿನಲ್ಲಿ ಯಾರೂ ಎತ್ತುವುದಿಲ್ಲ. ಎರಡು ಅಂಗುಲದ ಲಿಫ್ಟಿಗೆ ಟಯರಿನ 20 ಮಿಲಿಮೀಟರು ಸೇರಿದರೆ ಹತ್ತುವ ಮೆಟ್ಟಿಲು 70 ಮಿಲಿಮೀಟರು ಮೇಲಕ್ಕೆ ಹೋಗುತ್ತದೆ. ಮಂಡಿನೋವಿನ ತಾಯಿಗೆ ಈಗಾಗಲೇ ಪ್ರಯಾಸಕರವಾಗಿದ್ದ ಏರು ಆಗ ಅಸಾಧ್ಯವೇ ಆಗಬಹುದು. ಇಳಿಯುವಾಗ ಜಾರಿದರೆ ಇಳಿವಯಸ್ಸಿನ ಮೂಳೆ ತಡೆಯದು. ಭಾರ ಹೊರಲೆಂದು ಮಾಡಿದ ಬಿರುಸು ಸ್ಪ್ರಿಂಗುಗಳು ಖಾಲಿ ಗಾಡಿಯಲ್ಲಿ ಪ್ರತಿಯೊಂದು ಕುಲುಕನ್ನೂ ಬೆನ್ನಿಗೆ ದಾಟಿಸುತ್ತವೆ. ದೀರ್ಘಕಾಲದ ಕುಲುಕಾಟಕ್ಕೂ ಸೊಂಟನೋವಿಗೂ ನಂಟಿರುವುದು ಲಾರಿ, ಟ್ರ್ಯಾಕ್ಟರು ಚಾಲಕರಲ್ಲಿ ಕಂಡುಬಂದ ವಿಷಯ. ಸ್ಪ್ರಿಂಗನ್ನು ಆರಿಸುವಾಗ ನಿತ್ಯ ಹೊರುವ ಭಾರವನ್ನು ಹೇಳಬೇಕು, ಒಮ್ಮೆ ಹೊತ್ತ ಭಾರವನ್ನಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಅಪಘಾತದ ನಂತರ ವಿಮಾ ಕಂಪನಿ ತಕರಾರು ತೆಗೆಯಲೂ ಇದು ದಾರಿ. ಆದ್ದರಿಂದ ಅದೇ ಮಾದರಿಯ ಬೇರೊಂದು ಶ್ರೇಣಿಗೆ ಕಂಪನಿಯೇ ಕೊಡುವ ಟಯರಿನ ಅಳತೆ ಇದೆಯೇ ಎಂದು ಮೊದಲು ವಿಚಾರಿಸುವುದು ಮೇಲು. 2020ರ ಥಾರ್ 245/75 ಆರ್ 16 ಮತ್ತು 255/65 ಆರ್ 18 ಎಂಬ ಎರಡು ಅಳತೆಗಳಲ್ಲಿ ಬಂದಿತು. ಎರಡನೆಯದು ವ್ಯಾಸದಲ್ಲಿ 15 ಮಿಲಿಮೀಟರು ದೊಡ್ಡದು. ಆದರೂ ಕಲ್ಲುಮುಳ್ಳಿನ ದಾರಿಗೆ ದಪ್ಪ ಪಕ್ಕೆಯ ಮೊದಲನೆಯದೇ ವಾಸಿ, ಏಕೆಂದರೆ ಪಕ್ಕೆಯಲ್ಲಿ ಬಾಗಲು ಜಾಗವಿದ್ದಷ್ಟೂ ರಿಮ್ಮು ಕಲ್ಲಿಗೆ ಬಡಿಯುವುದು ಕಡಿಮೆ.

ಈ ಬಾಗುವಿಕೆಯನ್ನು ಹಣ ಖರ್ಚಿಲ್ಲದೆ ಪಡೆಯುವ ಉಪಾಯವೊಂದನ್ನು ಹಳೆಯ ಜೀಪಿನವರೂ ಬಲ್ಲರು. ಕೆಸರು ಅಥವಾ ಮರಳಿನ ದಾರಿ ಎದುರಾದಾಗ ಟಯರಿನ ಗಾಳಿಯನ್ನು 18ರಿಂದ 20 ಪೌಂಡಿಗೆ ಇಳಿಸಿದರೆ ಟಯರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಅಪ್ಪಿಕೊಳ್ಳುತ್ತದೆ, ಹೂಳುವುದು ಕಡಿಮೆಯಾಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಟಯರು ರಿಮ್ಮಿನಿಂದ ಕಳಚುವ ಭಯವಿದೆ. ಆಗ ವೇಗವನ್ನೂ ಸ್ಟಿಯರಿಂಗಿನ ಸೆಳೆತವನ್ನೂ ಮಿತವಾಗಿಡಬೇಕು. ಡಾಂಬರು ರಸ್ತೆಗೆ ಮರಳಿದೊಡನೆ, ಗಾಡಿಯ 12 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪಿನಿಂದ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ನಮೂದಿಸಿದಷ್ಟು ಗಾಳಿಯನ್ನು ನಾಲ್ಕೂ ಟಯರುಗಳಿಗೆ ಮತ್ತೆ ತುಂಬಿಕೊಂಡೇ ಹೆದ್ದಾರಿಯ ಕಡೆಗೆ ಹೊರಡಬೇಕು.