ತೂಕ ಬಂದರೆ ಸಾಲದು, ಹುಂಜಕ್ಕೆ ಪ್ರಾಯವೂ ಬರಬೇಕು

ಮುಂಬಯಿಯ ಚಿಕನ್ ಅಂಗಡಿಗಳ ಪಂಜರದಲ್ಲಿ 2 ಕಿಲೋ ತೂಗುವ ಬ್ರಾಯ್ಲರ್ ಕೋಳಿಗಳು ತುಂಬಿರುತ್ತವೆ. ಆದರೆ ಅವುಗಳಲ್ಲಿ ಒಂದಾದರೂ 'ಕೊಕ್ಕೊಕ್ಕೋ' ಎಂದು ಕೂಗಿದ್ದನ್ನು ಕೇಳಿದವರು ವಿರಳ. ಕಾರಣ ಸರಳ. ಗಾತ್ರದಲ್ಲಿ ದೊಡ್ಡದಾದರೂ ಅವು ಕೇವಲ ಆರು ವಾರದ ಮರಿಗಳು!

ಈ ಸಣ್ಣ ವಿಷಯ ತಿಳಿಯದೆ ನಷ್ಟ ಮಾಡಿಕೊಳ್ಳುವವರಿದ್ದಾರೆ. ಹೋಟೆಲು, ಬ್ಯಾಂಕು, ಮಿಲ್ಲುಗಳಲ್ಲಿ ದುಡಿದು ನಿವೃತ್ತಿಯ ಬಳಿಕ ಊರಿಗೆ ಮರಳುವ ತುಳು-ಕನ್ನಡಿಗರಲ್ಲಿ ಅನೇಕರಿಗೆ ಮನೆಯಂಗಳದಲ್ಲಿ ನಾಲ್ಕು ಕೋಳಿ ಸಾಕುವ ಆಸೆ. ವಸಾಯಿ-ವಿರಾರ್ ಕಡೆ ಸ್ವಲ್ಪ ಜಾಗ ಇದ್ದವರಿಗೂ ಅದೇ ಹಂಬಲ. ಕರ್ನಾಟಕದಲ್ಲಿ ಇದಕ್ಕೆ ಹೆಸರಾದ ತಳಿ 'ಗಿರಿರಾಜ'. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ, ಹಳ್ಳಿಯ ಹಿತ್ತಿಲಿಗೆಂದೇ ಅಭಿವೃದ್ಧಿಪಡಿಸಿದ ಭಾರೀ ತೂಕದ ಕೋಳಿ ಇದು.

ನಾಲ್ಕು ತಿಂಗಳಲ್ಲೇ ಹುಂಜ ಮೈತುಂಬಿ ನಿಲ್ಲುತ್ತದೆ. ಯಜಮಾನರು ಹೇಂಟೆಗಳ ಜತೆ ಬಿಟ್ಟು, ಮೊಟ್ಟೆಗಳನ್ನು ಕಾವಿಗೆ ಇಡುತ್ತಾರೆ. 21 ದಿನ ಕಳೆದರೂ ಮರಿಯಿಲ್ಲ. 'ಈ ಹುಂಜ ಪ್ರಯೋಜನವಿಲ್ಲ' ಎಂಬ ತೀರ್ಪು ಹೊರಬಿದ್ದು ಅದು ಸುಕ್ಕದ ಪಾತ್ರೆ ಸೇರುತ್ತದೆ. ತಪ್ಪು ಹುಂಜದ್ದಲ್ಲ, ಅವಸರದ್ದು.

ಲೆಗ್‌ಹಾರ್ನ್‌ನಂಥ ಹಗುರ ತಳಿಯ ಹುಂಜ ನಾಲ್ಕು ನಾಲ್ಕೂವರೆ ತಿಂಗಳಿಗೇ ಪ್ರಾಯಕ್ಕೆ ಬರಬಹುದು. ಭಾರೀ ತಳಿಗಳಿಗೆ ಸಾಮಾನ್ಯವಾಗಿ ಐದೂವರೆಯಿಂದ ಆರೂವರೆ ತಿಂಗಳು ಬೇಕು. ಮೈ ಪೂರ್ತಿ ಬಲಿಯಲು ವರ್ಷವೇ ಹಿಡಿಯುತ್ತದೆ. ಜುಟ್ಟು ಕೆಂಪೇರಿ ದೊಡ್ಡದಾಗುವುದು, ಕುತ್ತಿಗೆಯ ಗರಿ ಹೊಳೆಯುವುದು, ಬಾಲದ ಗರಿ ಬಾಗುವುದು, ಒಡಕು ದನಿ ಹೋಗಿ ಪೂರ್ತಿ ಕೂಗು ಬರುವುದು ಪ್ರಾಯದ ಲಕ್ಷಣಗಳು. ಆದರೆ ಮೊದಲ ಕೂಗು ಕೇಳಿದೊಡನೆ ಮೊಟ್ಟೆ ಕಾವಿಗಿಡುವುದು ಬೇಡ. ಇನ್ನೂ ಕೆಲವು ವಾರ ತಾಳುವುದು ಲೇಸು.

ಬೇಗ ಬೆಳೆಯಲೆಂದು ಸಿಕ್ಕಾಪಟ್ಟೆ ತಿನ್ನಿಸುವುದೂ ಸಲ್ಲ. ಬೊಜ್ಜು ಬೆಳೆದು ಕಾಲು ಸೋಲುತ್ತದೆ, ಹೇಂಟೆಯನ್ನು ಏರಲಾಗದು. ಅದಕ್ಕೆಂದೇ ದೊಡ್ಡ ಫಾರ್ಮುಗಳಲ್ಲಿ ತಳಿಗಾಗಿ ಇಟ್ಟ ಹುಂಜಗಳಿಗೆ ಆಹಾರವನ್ನು ಅಳೆದು ಕೊಡುತ್ತಾರೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸಾಕು. ಸಣ್ಣ ನಾಟಿ ಹೇಂಟೆಯ ಬೆನ್ನು ಭಾರೀ ಹುಂಜದ ಉಗುರಿಗೆ ಗಾಯವಾಗದಂತೆಯೂ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಗಿರಿರಾಜ ಮಿಶ್ರ ತಳಿ. ಅದರ ಮರಿಗಳಿಗೆಲ್ಲ ಹೆತ್ತವರ ತೂಕ ಬರುತ್ತದೆಂದು ನಂಬಿ ಕೂರಬಾರದು.

ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮೊದಲೇ ಮುರಿದರೆ ಬಡ್ಡಿ ಖೋತಾ ಆಗುತ್ತದೆ. ಹುಂಜದ ಲೆಕ್ಕವೂ ಅಷ್ಟೇ. ಮರಿ ತಂದ ದಿನವನ್ನೂ ಅಂದಿನ ಅದರ ವಯಸ್ಸನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಆರು ತಿಂಗಳು ತುಂಬುವ ಮೊದಲು ಯಾರೂ ಕತ್ತಿ ಮಸೆಯಲಾರರು.