ಇಲ್ಲಣ ಕಟ್ಟಿದ ಎದೆ

ಖಾನಾಪುರ ತಾಲ್ಲೂಕಿನ ಯಾವುದಾದರೂ ಹಳೆಯ ಹಂಚಿನ ಮನೆಯ ಅಡುಗೆಕೋಣೆಯಲ್ಲಿ ನಿಂತು ತಲೆಯೆತ್ತಿ ನೋಡಿ. ಜಂತಿ, ತೊಲೆ, ಹಂಚಿನ ಒಳಮೈ ಎಲ್ಲ ಕರ್ರಗಾಗಿ, ಮೂಲೆಗಳಲ್ಲಿ ಇಲ್ಲಣ ಜೋತಾಡುತ್ತಿರುತ್ತದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹೊತ್ತದೆ, ಊದುಗೊಳವೆ ಹಿಡಿದು ಕೂತ ಅವ್ವನ ಕಣ್ಣು ಕೆಂಪಾದದ್ದನ್ನು ನಾವೆಲ್ಲ ನೋಡಿದವರೇ. ತೊಲೆಗೆ ಹತ್ತಿದ ಮಸಿ ಅವಳ ಎದೆಯನ್ನು ಬಿಟ್ಟೀತೇ ಎಂದು ಕೇಳಿದವರು ಕಡಿಮೆ.

ಇಲ್ಲಿ ಮನುಷ್ಯರ ವಾಸ ಬಹಳ ಹಳೆಯದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಕಣಿವೆಯಲ್ಲಿ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ಅಗೆದಾಗ ಶಾತವಾಹನರ ಕಾಲದ ಊರೇ ಹೊರಬಂತು. ಇಂದಿನ ಹಲಸಿಯೇ ಕದಂಬರ ಪಲಾಶಿಕೆ. ಇಷ್ಟು ತಲೆಮಾರು ಒಲೆ ಹೊತ್ತಿಸಿದ ಸೀಮೆಯಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಗಡ್ಡೆ ಎದ್ದಿತ್ತೆಂದು ಹೇಳಲು ಎಲುಬು ಬೇಕಲ್ಲ. ಕಲ್ಲು ಉಳಿಯುತ್ತದೆ, ಮಡಕೆಯ ಚೂರು ಉಳಿಯುತ್ತದೆ. ಎಲುಬನ್ನು ಮಾತ್ರ ಖಾನಾಪುರದ ಹುಳಿ ಕೆಮ್ಮಣ್ಣು, ಘಟ್ಟದ ಜಡಿಮಳೆ ಕೂಡಿ ಕರಗಿಸಿಬಿಡುತ್ತವೆ.

ಹಾಗಾಗಿ ಸಾಕ್ಷಿಗೆ ದೂರ ಹೋಗಬೇಕು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಶ್ವಾಸಕೋಶ ಮಸಿಯಿಂದ ಕಪ್ಪಾಗಿತ್ತು. ಈಜಿಪ್ಟಿನ ಎಷ್ಟೋ ಮಮ್ಮಿಗಳದೂ ಹಾಗೆಯೇ. ಅವರಿಗೆ ಬೀಡಿ ಇರಲಿಲ್ಲ, ಬಸ್ಸಿನ ಹೊಗೆಯೂ ಇರಲಿಲ್ಲ. ಇದ್ದದ್ದು ಒಲೆ. ಆದರೆ ಮಸಿ ಕಂಡಲ್ಲೆಲ್ಲ ಕ್ಯಾನ್ಸರ್ ಎನ್ನುವುದು ಅವಸರ. ದಕ್ಷಿಣ ಆಫ್ರಿಕದ ಸ್ವಾರ್ಟ್‌ಕ್ರಾನ್ಸ್ ಗುಹೆಯ, ಸುಮಾರು 17 ಲಕ್ಷ ವರ್ಷ ಹಳೆಯ ಪಾದದ ಎಲುಬೊಂದರಲ್ಲಿ ಕ್ಯಾನ್ಸರ್ ಗಡ್ಡೆಯನ್ನು 2016ರಲ್ಲಿ ಗುರುತಿಸಿದರು. ಅದರ ತಪ್ಪನ್ನು ಒಲೆಯ ತಲೆಗೆ ಕಟ್ಟಲಾಗದು.

ಮಸಿಗೂ ಗಡ್ಡೆಗೂ ಇರುವ ನಂಟನ್ನು ಬಿಡಿಸಿ ಹೇಳಿದವನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, 1775ರಲ್ಲಿ. ಚಿಕ್ಕಂದಿನಲ್ಲಿ ಚಿಮಣಿಯೊಳಗೆ ನುಸುಳಿ ಮಸಿ ಕೆರೆದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದಲ್ಲಿ ಕ್ಯಾನ್ಸರ್ ಹುಣ್ಣು ಏಳುತ್ತಿತ್ತು. 1933ರಲ್ಲಿ ಕಲ್ಲಿದ್ದಲ ಡಾಂಬರಿನಿಂದ ಬೆಂಜೊಪೈರೀನ್ ಎಂಬ ವಿಷ ಬೇರೆಯಾಯಿತು. ಕಟ್ಟಿಗೆಯ ಹೊಗೆಯಲ್ಲೂ ಅದೇ ಇದೆ.

2010ರಲ್ಲಿ ಒಂದು ತಮಾಷೆ ನಡೆಯಿತು. ಮಮ್ಮಿಗಳಲ್ಲಿ ಕ್ಯಾನ್ಸರ್ ಅಪರೂಪ, ಇದು ನಮ್ಮ ಕಾಲದ ಮಾಲಿನ್ಯ ತಂದ ರೋಗ ಎಂದು ಮ್ಯಾಂಚೆಸ್ಟರಿನ ರೋಸಲಿ ಡೇವಿಡ್ ಮತ್ತು ಸಂಗಡಿಗರು ವಾದಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸಂಪುಟ ಬಂತು: ಮನೆಯೊಳಗಿನ ಕಟ್ಟಿಗೆಯ ಹೊಗೆ ಬಹುಶಃ ಕ್ಯಾನ್ಸರ್‌ಕಾರಕ. ಅಂದರೆ ಮಾಲಿನ್ಯ ಕಾರ್ಖಾನೆಗಿಂತ ಮೊದಲೇ ಅಡುಗೆಕೋಣೆಗೆ ಬಂದಿತ್ತು. ಹಿಂದಿನವರಲ್ಲಿ ಬಹಳ ಮಂದಿ ಗಡ್ಡೆ ಏಳುವ ವಯಸ್ಸಿನವರೆಗೆ ಬದುಕುತ್ತಿರಲಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಗ್ಯಾಸ್ ಬಂದಿದೆ. ಆದರೂ ಬಚ್ಚಲ ಒಲೆಗೆ, ರೊಟ್ಟಿಗೆ ಕಟ್ಟಿಗೆಯೇ ಬೇಕು ಅನ್ನುವ ಮನೆಗಳಿವೆ. ಅಂಥಲ್ಲಿ ಬೆಳಕಿಂಡಿ ಮುಚ್ಚಬೇಡಿ. ಮೂರು ವಾರ ದಾಟಿದ ಅವ್ವನ ಕೆಮ್ಮನ್ನು “ಹೊಗಿಗೆ ಬಂದೈತಿ ಬಿಡು” ಅನ್ನದೆ ಡಾಕ್ಟರಿಗೆ ತೋರಿಸಿ.