ಗರ್ಭಚಿಹ್ನೆಗಳು: ಕಾವ್ಯದಲ್ಲಿ, ವೈದ್ಯದಲ್ಲಿ, ಮಾತಿನಲ್ಲಿ

ಕಾವ್ಯಗಳಲ್ಲಿ ಗರ್ಭಿಣಿಯ ವರ್ಣನೆ ಬಂದಾಗ ವಿದ್ಯಾರ್ಥಿಗಳು ಸಂಕೋಚದಿಂದ ತಲೆ ತಗ್ಗಿಸುತ್ತಾರೆ. ಇಲ್ಲವೆ ಅದನ್ನು ಬರಿಯ ಅಲಂಕಾರವೆಂದು ದಾಟಿಹೋಗುತ್ತಾರೆ. ಆದರೆ ಆ ವರ್ಣನೆಯ ಅಡಿಯಲ್ಲಿ ಕಣ್ಣಾರೆ ಕಂಡ ದೇಹಲಕ್ಷಣಗಳಿವೆ.

ಕಾಳಿದಾಸನ ‘ರಘುವಂಶ’ದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಮುಖ ಬಿಳುಪೇರುತ್ತದೆ, ಬಾಯಿ ಮಣ್ಣಿನ ಕಂಪು ಬೀರುತ್ತದೆ, ಸ್ತನಗಳು ತುಂಬಿ ತೊಟ್ಟುಗಳು ಕಪ್ಪಾಗುತ್ತವೆ. ಸುಶ್ರುತಸಂಹಿತೆಯ ಶಾರೀರಸ್ಥಾನವೂ ತೊಟ್ಟು ಕಪ್ಪಾಗುವುದನ್ನು ಹೇಳಿ, ರೋಮರಾಜಿ, ವಾಂತಿ, ಸುವಾಸನೆಯಲ್ಲೂ ಅರುಚಿ, ಆಯಾಸ ಇವನ್ನು ಸೇರಿಸುತ್ತದೆ. ಇಂದಿನ ವೈದ್ಯರೂ ಇವುಗಳಲ್ಲಿ ಹಲವನ್ನು ಗಮನಿಸುತ್ತಾರೆ. ಮಣ್ಣು ತಿನ್ನುವ ಬಯಕೆಯನ್ನು ಮಾತ್ರ ಅವರು ರಕ್ತಹೀನತೆಯ ಸೂಚನೆಯಾಗಿರಬಹುದೆಂದು ಪರೀಕ್ಷಿಸುತ್ತಾರೆ.

ಆದರೆ ಲಕ್ಷಣವೆಲ್ಲ ಪ್ರಮಾಣವಲ್ಲ. ವೈದ್ಯಶಾಸ್ತ್ರ ಇಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸುತ್ತದೆ. ಮುಟ್ಟು ನಿಲ್ಲುವುದು, ವಾಂತಿ, ಸ್ತನದ ಬದಲಾವಣೆ ಊಹೆಗೆ ಎಡೆಮಾಡುತ್ತವೆ. ಇವಕ್ಕೆ ಬೇರೆ ಕಾರಣಗಳೂ ಇರಬಲ್ಲವು. ಗರ್ಭಕೋಶ ಬೆಳೆದು ಕೈಗೆ ಸಿಕ್ಕರೆ ಸಂಭವ ಹೆಚ್ಚುತ್ತದೆ: ಸುಮಾರು 12 ವಾರಕ್ಕೆ ಅದು ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಮೇಲಕ್ಕೆ, 20 ವಾರದ ಹೊತ್ತಿಗೆ ಹೊಕ್ಕುಳ ಸಮೀಪಕ್ಕೆ ಏರುತ್ತದೆ. ಮೂತ್ರಪರೀಕ್ಷೆಯೂ ಈ ವರ್ಗದ್ದೇ. ಶಿಶುವಿನ ಎದೆಬಡಿತ ಕೇಳಿದಾಗ, ಅದರ ಚಲನೆ ವೈದ್ಯರ ಕೈಗೇ ತಿಳಿದಾಗ, ಅಥವಾ ಸ್ಕ್ಯಾನಿನಲ್ಲಿ ಅದು ಕಂಡಾಗ ಮಾತ್ರ ನಿಶ್ಚಯ.

ಭಾಷೆಯೂ ಈ ಕುರುಹುಗಳನ್ನು ಕಾಪಿಟ್ಟಿದೆ. ಹಳಗನ್ನಡದ ‘ಬಸಿರ್’ ಎಂದರೆ ಹೊಟ್ಟೆ. ತಮಿಳಿನ ‘ವಯಿರು’ ಅದರ ಸೋದರಪದ. ಮರಾಠಿಯ ‘ಪೋಟುಶಿ’ಯೂ ‘ಪೋಟ’ದಿಂದಲೇ ಹುಟ್ಟಿದೆ. ನಮ್ಮ ‘ಬಯಕೆ’ಗೆ ಮರಾಠಿಯಲ್ಲಿ ‘ಡೋಹಾಳೆ’. ಅದು ಸಂಸ್ಕೃತ ಕಾವ್ಯಗಳ ‘ದೋಹದ’ದ ಬಳಗದ್ದು. ನಾಲ್ಕನೆಯ ತಿಂಗಳಿನಿಂದ ಗರ್ಭಿಣಿಗೆ ಎರಡು ಹೃದಯಗಳೆಂಬ ಸುಶ್ರುತನ ವಿವರಣೆ ಈ ಪದಕ್ಕೆ ಹೊಂದಿಕೊಂಡಿದೆ.

ಈ ಪದಗಳು ಪರೀಕ್ಷೆಗಷ್ಟೇ ಅಲ್ಲ. ಹಲವು ವರ್ಷಗಳ ಹಿಂದೆ ಗಡಹಿಂಗ್ಲಜದಲ್ಲಿ, ಮರಾಠಿ ಬಾರದ ಬಂಧುವೊಬ್ಬಳ ಜೊತೆ ದುಭಾಷಿಯಾಗಿ ವೈದ್ಯರ ಬಳಿ ಹೋಗಿದ್ದೆ. “ಮುಂಜಾನಿಂದ ಕೂಸು ಮಿಸುಕವಲ್ದು” ಎಂದಳು. ಸಂಕೋಚದಿಂದ ನಾನು “ಪೋಟ ದುಖತಂಯ” ಎಂದುಬಿಟ್ಟೆ. ಶಿಶುವಿನ ಚಲನೆ ಕುಂದುವುದು ತಡಮಾಡದೆ ನೋಡಬೇಕಾದ ಅಪಾಯಸೂಚನೆ. ನನ್ನ ಬಾಯಲ್ಲಿ ಅದು ಬರಿಯ ಹೊಟ್ಟೆನೋವಾಯಿತು. ಅವಳು ಸುಮ್ಮನಿರದೆ ಕೈಸನ್ನೆಯಿಂದ ಮತ್ತೆ ತಿಳಿಸಿದಳು. ವೈದ್ಯರು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಆಲಿಸಿ, ಎದೆಬಡಿತ ಸರಿಯಿದೆಯೆಂದ ಮೇಲೆಯೇ ನನ್ನ ಜೀವ ನಿರಾಳವಾದದ್ದು.

ಗಡಿಯ ವಿದ್ಯಾರ್ಥಿಗಳಾದ ನಿಮಗೂ ಇಂಥ ದುಭಾಷಿಕೆ ಎಂದಾದರೂ ಒದಗೀತು. ಆಗ ಸಂಕೋಚವನ್ನು ಬದಿಗಿಟ್ಟು, ಆಕೆ ಹೇಳಿದ್ದನ್ನು ಹೇಳಿದಂತೆಯೇ ತಲುಪಿಸಿ.